ಎರಡು ಕೀ ಇದ್ದರೂ ಬ್ಯಾಲೆನ್ಸ್ ಸೊನ್ನೆ ಏಕೆ?

ಪ್ರಶ್ನೆ: ನಾವು ಮೂವರು ಸೇರಿ ಮಾಡಿದ 2-ಆಫ್-3 (ಮೂರು ಕೀಗಳಲ್ಲಿ ಯಾವ ಎರಡರ ಸಹಿಯಾದರೂ ಸಾಕಾಗುವ) ಬಿಟ್‌ಕಾಯಿನ್ ವ್ಯಾಲೆಟ್ ಇದೆ. ಒಬ್ಬರ ಡಿವೈಸೂ ಅದರ ಕೀ ಮರಳಿ ಪಡೆಯುವ 24 ಪದಗಳೂ (ಸೀಡ್) ಕಳೆದಿವೆ. ಉಳಿದೆರಡರ ಪದಗಳನ್ನು ಹಾಕಿದರೆ ಬ್ಯಾಲೆನ್ಸ್ ಸೊನ್ನೆ ತೋರಿಸುತ್ತದೆ. ಹಣ ಹೋಯಿತೇ?

ಉತ್ತರ: ಹಣ ಎಲ್ಲಿಗೂ ಹೋಗಿಲ್ಲ. ಒಂದೊಂದೇ ಸೀಡ್ ಹಾಕಿದರೆ ತೆರೆಯುವುದು ಸಾಮಾನ್ಯ ಒಂಟಿ ಸಹಿಯ ವ್ಯಾಲೆಟ್, ಅದರಲ್ಲಿ ನಿಮ್ಮ ಹಣ ಯಾವತ್ತೂ ಇರಲಿಲ್ಲ. ಸಹಿಗೆ ಎರಡು ಕೀ ಸಾಕು ನಿಜ, ಆದರೆ ವಿಳಾಸ ಕಟ್ಟಲು ಮೂರರ ಪಬ್ಲಿಕ್ ಕೀಯೂ ಬೇಕು. ಬಹಳ ಜನ ಎಡವುವುದು ಇಲ್ಲೇ.

ಆದ್ದರಿಂದ ಮೊದಲು ಮೂರನೆಯದರ ಎಕ್ಸ್‌ಪಬ್ (ಅದರ ಪಬ್ಲಿಕ್ ಕೀಗಳನ್ನೆಲ್ಲ ಹುಟ್ಟಿಸುವ ಉದ್ದನೆಯ ಕೋಡ್) ಹುಡುಕಿ. ಮೂವರ ಕಂಪ್ಯೂಟರುಗಳಲ್ಲಿನ ಹಳೆಯ ವ್ಯಾಲೆಟ್ ಫೈಲು, ಡಿಸ್ಕ್ರಿಪ್ಟರ್ (ವ್ಯಾಲೆಟ್ಟಿನ ರಚನೆ ಬರೆದಿಟ್ಟ ಸಾಲು) ಬ್ಯಾಕಪ್, ಎಸ್‌ಡಿ ಕಾರ್ಡು, ಯಾವುದರಲ್ಲಾದರೂ ಇರಬಹುದು. ಸಿಕ್ಕರೆ ಸ್ಪ್ಯಾರೋ ಎಂಬ ವ್ಯಾಲೆಟ್ ತಂತ್ರಾಂಶದಲ್ಲಿ ಹೊಸ ವ್ಯಾಲೆಟ್ ತೆರೆದು ಮಲ್ಟಿ ಸಿಗ್ನೇಚರ್, 2/3, ನೇಟಿವ್ ಸೆಗ್‌ವಿಟ್ (ಇದು ಸ್ಕ್ರಿಪ್ಟ್, ಅಂದರೆ ವಿಳಾಸದ ಮಾದರಿ) ಆರಿಸಿ. ಎರಡು ಡಿವೈಸು ಜೋಡಿಸಿ, ಮೂರನೆಯದಕ್ಕೆ ಎಕ್ಸ್‌ಪಬ್ ಅಂಟಿಸಿ. ಡೆರಿವೇಶನ್ ಪಾತ್ (ಸೀಡಿನಿಂದ ಕೀ ಹುಟ್ಟುವ ದಾರಿ) ಸಾಮಾನ್ಯವಾಗಿ 48'/0'/0'/2'. ಹಳೆಯ ನೆಸ್ಟೆಡ್ ಸೆಗ್‌ವಿಟ್ (3ರಿಂದ ಶುರುವಾಗುವ ವಿಳಾಸದ) ವ್ಯಾಲೆಟ್ ಆಗಿದ್ದರೆ ಸ್ಕ್ರಿಪ್ಟನ್ನೂ ಅದಕ್ಕೆ ಬದಲಿಸಿ, ಕೊನೆಯ ಅಂಕಿ 1'. ಮೊದಲ ವಿಳಾಸ ಹಳೆಯ ವಹಿವಾಟಿನದಕ್ಕೆ ತಾಳೆಯಾಗದಿದ್ದರೆ ಪಾತ್ ಅಥವಾ ಸ್ಕ್ರಿಪ್ಟ್ ತಪ್ಪು. ತಾಳೆಯಾದರೂ ಹಣ ಕಡಿಮೆ ಕಂಡರೆ ಗ್ಯಾಪ್ ಲಿಮಿಟ್ (ಸತತ ಎಷ್ಟು ಖಾಲಿ ವಿಳಾಸದವರೆಗೆ ಹುಡುಕಬೇಕು ಎಂಬ ಮಿತಿ) 20ರಿಂದ 100ಕ್ಕೆ ಏರಿಸಿ. ಮೊದಲು ಚಿಕ್ಕ ಮೊತ್ತ ಕಳಿಸಿ, ಪಿಎಸ್‌ಬಿಟಿಗೆ (ಸಹಿ ಪೂರ್ತಿಯಾಗದ ವಹಿವಾಟಿನ ಫೈಲಿಗೆ) ಎರಡೂ ಡಿವೈಸಿನಿಂದ ಸಹಿ ಹಾಕಿ.

ಎಕ್ಸ್‌ಪಬ್ ಸಿಗದಿದ್ದರೆ? ಹಿಂದೆ ಖರ್ಚು ಮಾಡಿದ ವಿಳಾಸಕ್ಕೇ ಮತ್ತೆ ಹಣ ಬಂದಿದ್ದರೆ, ಆ ಖರ್ಚಿನ ವಿಟ್ನೆಸ್‌ನಲ್ಲಿ (ವಹಿವಾಟಿನ ಸಹಿಗಳಿರುವ ಭಾಗದಲ್ಲಿ) ಮೂರೂ ಪಬ್ಲಿಕ್ ಕೀ ಬಯಲಾಗಿರುತ್ತವೆ. ಆ ವಿಳಾಸದ್ದಷ್ಟನ್ನು ಬಿಡಿಸಬಹುದು. ಉಳಿದದ್ದಕ್ಕೆ ದಾರಿಯಿಲ್ಲ. ‘ರಿಕವರಿ ಮಾಡಿಕೊಡುತ್ತೇವೆ, ಸೀಡ್ ಕಳಿಸಿ’ ಎನ್ನುವವರಿಗೆ ಒಂದು ಪದವನ್ನೂ ಕೊಡಬೇಡಿ.