ಮ್ಯಾಮತ್ ಕಥೆ ಬಿಟ್ಟು ಸೀದಾ ಆನೆ ಕೆಲಸಕ್ಕೆ ಸೇರ್ಬಹುದಾ?

ಎಂಎಸ್ಸಿ ಆಯ್ತು, ಆನೆ ಸಂರಕ್ಷಣೆ ಕೆಲಸಕ್ಕೆ ಹೋಗ್ತೀನಿ, ಮ್ಯಾಮತ್, ಅದೇ ಹಿಮಯುಗದ ಮೈತುಂಬಾ ಕೂದಲಿದ್ದ ಆನೆ ಸಂಬಂಧಿ, ಎಲ್ಲಾ ಹವಾಮಾನ ಬದಲಾಗಿ ಸತ್ತಿದ್ದಲ್ವಾ, ಅದನ್ನ ಓದಿ ಏನುಪಯೋಗ ಅಂತೀರ. ಅಯ್ಯೋ, ಏಳು ವರ್ಷದ ಹಿಂದೆ ವಿಜಯನಗರದ ಪಿಜಿಲಿ ಕೂತು ನಾನೂ ಥೇಟ್ ಹಿಂಗೇ ಅಂತಿದ್ದೆ.

ಇಲ್ಲೇ ಬೆಂಗಳೂರಲ್ಲಿ ಒಂದು ಸಂಸ್ಥೆ, ಹೆಸರು ಬೇಡ, ಬನ್ನೇರುಘಟ್ಟ ಕಡೆ ಆನೆ ಪ್ರಾಜೆಕ್ಟಿಗೆ ಜನ ತಗೋತಿತ್ತು. ಇಂಟರ್‌ವ್ಯೂಗೆ ಒಂದು ಎಕ್ಸೆಲ್ ಮಾಡ್ಕೊಂಡ್ ಬನ್ನಿ ಅಂದ್ರು. 100 ಆನೆ ಇವೆ, ಅದರಲ್ಲಿ ಮರಿ ಹಾಕೋ ವಯಸ್ಸಿನ ಹೆಣ್ಣು 40, ವಯಸ್ಸಾಗಿಯೋ ಕಾಯಿಲೆ ಬಂದೋ ವರ್ಷಕ್ಕೆ 5 ಸಾಯ್ತವೆ, ಅದರ ಮೇಲೆ ಇನ್ನೆಷ್ಟು ಸತ್ರೆ ತಡ್ಕೊಳ್ಳತ್ತೆ? ನಾನು ಆನೆ ಗರ್ಭ 22 ತಿಂಗಳು ಅಂತ ಗೂಗಲ್ ಮಾಡ್ದೆ, ಎರಡು ವರ್ಷಕ್ಕೊಂದು ಮರಿ ಅಂತ ಸೆಲ್‌ನಲ್ಲಿ 2 ಹಾಕ್ದೆ, ವರ್ಷಕ್ಕೆ 20 ಮರಿ ಬಂತು, 5 ಕಳೆದ್ರೆ 15, ಸಕತ್ ಖುಷಿ.

ಆ 2 ನನ್ನ ಮುಳುಗಿಸಿದ್ದು. ಮರಿ ಹುಟ್ಟಿದ ತಕ್ಷಣ ತಾಯಿ ಮತ್ತೆ ಗಬ್ಬ ಆಗಲ್ಲ ಸ್ವಾಮಿ, ಹಾಲು ಕುಡಿಸ್ಬೇಕು, ಮರಿ ಸುಧಾರಿಸ್ಬೇಕು, ಒಂದು ಮರಿಗೂ ಇನ್ನೊಂದಕ್ಕೂ ನಾಲ್ಕೈದು ವರ್ಷ ಗ್ಯಾಪು. ಅಲ್ಲಿ 5 ಹಾಕಿ ನೋಡಿ, 20 ಮರಿ 8 ಆಗತ್ತೆ, ತಡ್ಕೊಳ್ಳೋದು 15 ಅಲ್ಲ, 3! ಹೊಲದ ಬೇಲಿಗೆ ಕಳ್ಳ ಕರೆಂಟ್ ಕೊಟ್ಟಿರೋ ಒಂದು ತಂತಿ ಸಾಕು ಆ 3ಕ್ಕೆ.

ಪ್ಯಾನೆಲ್‌ನಲ್ಲಿ ವಯಸ್ಸಾದ ಮೇಡಂ ಒಬ್ರು ಕನ್ನಡಕ ಮೂಗಿನ ತುದಿಗೆ ಇಳಿಸ್ಕೊಂಡು "ಏನಪ್ಪಾ, ನಿನ್ನ ಆನೆ ಮರಿಗೆ ಹಾಲೇ ಕುಡ್ಸಲ್ವಾ?" ಅಂದ್ರು. ಎಲ್ರೂ ನಕ್ರು. ಆಮೇಲೆ "ಮೋವಾ ಬಗ್ಗೆ ಓದಿದೀಯಾ?" ಅಂದ್ರು. ಅವೆಲ್ಲ ಹಳೇದು ಮೇಡಂ ಅಂದೆ. ಕೆಲಸ ಹೋಯ್ತು.

ಹೊಟ್ಟೆ ಉರಿದು ಮನೆಗ್ ಬಂದು ಓದ್ದೆ. ಮೋವಾ ಅಂದ್ರೆ ನ್ಯೂಜಿಲೆಂಡಿನ ಹಾರಲಾಗದ ದೈತ್ಯ ಹಕ್ಕಿ, ಒಂಬತ್ತು ಜಾತಿ ಇತ್ತು. ಮನುಷ್ಯ ಅಲ್ಲಿಗೆ ಕಾಲಿಟ್ಟಿದ್ದು ಸುಮಾರು 1300ರಲ್ಲಿ, ಇನ್ನೂರು ವರ್ಷದೊಳಗೆ ಒಂದೂ ಇಲ್ಲ. ಇಡೋದೇ ಒಂದೋ ಎರಡೋ ಮೊಟ್ಟೆ, ಮರಿ ದೊಡ್ಡದಾಗಕ್ಕೆ ವರ್ಷಗಟ್ಟಲೆ. ಸ್ಟೆಲ್ಲರ್ ಕಡಲಹಸು, ಅಂದ್ರೆ ಸಮುದ್ರದಲ್ಲಿ ಪಾಚಿ ಮೇಯ್ತಿದ್ದ ದೈತ್ಯ ಸಸ್ತನಿ, ಅದರ ಕಥೆ ಇನ್ನೂ ಕೆಟ್ಟದು, ವಿಜ್ಞಾನಿ ಕಣ್ಣಿಗೆ ಬಿದ್ದಿದ್ದು 1741ರಲ್ಲಿ, 1768ಕ್ಕೆ ಖಲಾಸ್.

ಸೋ ನಿಮ್ಮ ಹವಾಮಾನದ ಮಾತು ನಾನು ಒಪ್ಪಲ್ಲ. ಮ್ಯಾಮತ್‌ಗಳು ಅದಕ್ಕೂ ಮುಂಚಿನ ಬಿಸಿ ಕಾಲ ದಾಟ್ಕೊಂಡೇ ಬಂದಿದ್ವು. ರಷ್ಯಾದ ರ‍್ಯಾಂಗೆಲ್ ದ್ವೀಪದಲ್ಲಿ 4,000 ವರ್ಷದ ಹಿಂದಿನವರೆಗೂ ಬದುಕಿದ್ವು, ಅಷ್ಟೊತ್ತಿಗೆ ಈಜಿಪ್ಟಿನಲ್ಲಿ ಪಿರಮಿಡ್ ಎದ್ದಾಗಿತ್ತು. ಹವಾಮಾನ ಮೇಯೋ ಜಾಗ ಕಿತ್ಕೊಂಡಿತು, ಇಲ್ಲ ಅನ್ನಲ್ಲ, ಆದ್ರೆ ಉಳಿದ ಚೂರುಪಾರು ಗುಂಪಿಗೆ ವರ್ಷಕ್ಕೆ ಎರಡು ಮೂರು ಈಟಿ ಜಾಸ್ತಿ ಬಿದ್ರೆ ಸಾಕು, ನಿಧಾನಕ್ಕೆ ಹೆರೋ ಪ್ರಾಣಿ ತುಂಬ್ಕೊಳ್ಳಕ್ಕೆ ಆಗಲ್ಲ. ಹೊಡೀತಿರೋರಿಗೂ ಗೊತ್ತಾಗಿರಲ್ಲ, ಅಜ್ಜನ ಕಾಲದಲ್ಲಿ ಜಾಸ್ತಿ ಇದ್ವು ಅಂದ್ಕೊಂಡಿರ್ತಾರೆ ಅಷ್ಟೇ.

2023ರ ಗಣತಿಲಿ ಕರ್ನಾಟಕದಲ್ಲಿ 6,395 ಆನೆ ಅಂದಾಗ ವಾಟ್ಸಾಪಲ್ಲೆಲ್ಲಾ ಚಪ್ಪಾಳೆ. ನಾನು ಮೊದಲು ಹುಡುಕಿದ್ದು ಆ ವರ್ಷ ಕರೆಂಟ್ ಹೊಡೆದು ಸತ್ತಿದ್ದರಲ್ಲಿ ಹೆಣ್ಣೆಷ್ಟು ಅಂತ. ನೀವೂ ಕೆಲಸಕ್ಕೆ ಅರ್ಜಿ ಹಾಕೋ ಮುಂಚೆ ಒಂದು ತಿಂಗಳು ಮೋವಾ, ಮ್ಯಾಮತ್ ಓದಿ. ಆ ಮೇಡಂ ಇನ್ನೂ ಪ್ಯಾನೆಲ್‌ನಲ್ಲಿ ಇದಾರಂತೆ.