ಅಮ್ಮ ಸಿಗದೆ ಕಳೆದ ನಲವತ್ತು ನಿಮಿಷ

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಪ್ರವಾಸದಲ್ಲಿ ಅಮ್ಮನನ್ನು ಒಂದು ದೊಡ್ಡ ಮಾಲ್‌ಗೆ ಕರೆದುಕೊಂಡು ಹೋದಿರಿ. ಕಾಲಿಡಲು ಜಾಗವಿಲ್ಲದಷ್ಟು ಜನ. ಎಸ್ಕಲೇಟರ್ ಹತ್ತಿ ತಿರುಗಿ ನೋಡಿದರೆ ಅಮ್ಮ ಇಲ್ಲ. ಸಿಕ್ಕಿದ್ದು ನಲವತ್ತು ನಿಮಿಷ ಕಳೆದ ಮೇಲೆ. ಅವರು ಆಸೆಪಟ್ಟಿದ್ದ ದೊಡ್ಡ ಮೀನಿನ ತೊಟ್ಟಿಯನ್ನೂ ನೋಡದೆ ಬಂದಿರಿ. ಇನ್ನು ಇಂಥ ಕಡೆ ಬರುವುದೇ ಇಲ್ಲ ಅಂತಿದ್ದಾರೆ. 'ತಪ್ಪು ನನ್ನದೇ ಅಲ್ವಾ?' ಎಂದು ಕೇಳಿದ್ದೀರಿ.

ಅಲ್ಲ. ಅಮ್ಮನದೂ ಅಲ್ಲ. ಆ ಕಟ್ಟಡಗಳನ್ನು ಕಟ್ಟುವುದೇ ಹಾಗೆ. ಹೊರಗೆ ಕಾಣುವ ಕಿಟಕಿ ಕಡಿಮೆ. ಗೋಡೆ ಗಡಿಯಾರ ಸಿಗುವುದು ಕಷ್ಟ. ದೊಡ್ಡ ಅಂಗಡಿಗಳನ್ನು ಎರಡು ತುದಿಗಳಲ್ಲಿ ಇಡುತ್ತಾರೆ, ನಡುವಿನ ಸಣ್ಣ ಅಂಗಡಿಗಳ ಮುಂದೆಯೇ ಎಲ್ಲರೂ ಹಾದುಹೋಗಲಿ ಎಂದು. ಎಷ್ಟೋ ಕಡೆ ಒಂದು ಎಸ್ಕಲೇಟರ್ ಇಳಿದರೆ ಮುಂದಿನದಕ್ಕೆ ಅರ್ಧ ಮಹಡಿ ಸುತ್ತಬೇಕು. ಬಂದ ಕೆಲಸ ಮರೆತು ಸುಮ್ನೆ ಅಲೆಯತೊಡಗುವ ಈ ಸ್ಥಿತಿಗೆ 'ಗ್ರೂಯೆನ್ ಟ್ರಾನ್ಸ್‌ಫರ್' ಎಂಬ ಹೆಸರೇ ಇದೆ.

ಆ ಹೆಸರಿನ ಮನುಷ್ಯನನ್ನು ನೆನೆದರೆ ನನಗೆ ಬೇಸರವಾಗುತ್ತದೆ. ವಿಕ್ಟರ್ ಗ್ರೂಯೆನ್ ವಿಯೆನ್ನಾದ ವಾಸ್ತುಶಿಲ್ಪಿ. ನಾಜಿಗಳ ಕೈಯಿಂದ ತಪ್ಪಿಸಿಕೊಂಡು 1938ರಲ್ಲಿ ಅಮೆರಿಕ ಸೇರಿದರು. ಅಲ್ಲಿನ ಮಿನ್ನೆಸೋಟಾ ರಾಜ್ಯದಲ್ಲಿ 1956ರಲ್ಲಿ ತೆರೆದ ಸೌತ್‌ಡೇಲ್ ಮಾಲ್ ಅವರ ಕೆಲಸ. ಒಂದೇ ಸೂರಿನ ಕೆಳಗೆ, ಏಸಿ ಹಾಕಿದ ಇವತ್ತಿನ ಮಾಲ್‌ಗಳಿಗೆ ಅದೇ ಮಾದರಿ. ಅವರು ಬಯಸಿದ್ದು ಬರೀ ಅಂಗಡಿಗಳನ್ನಲ್ಲ. ಸುತ್ತ ಮನೆ, ಶಾಲೆ, ಉದ್ಯಾನ ಇರಬೇಕು, ಜನ ನಡೆದು ಬಂದು ಕೂತು ಮಾತಾಡಬೇಕು ಎಂದಿತ್ತು. ಅಂಗಡಿಗಳು ಬೆಳೆದವು, ಆ ಊರು ಮಾತ್ರ ಆಗಲಿಲ್ಲ. ಕೊನೆಗಾಲದಲ್ಲಿ ಅವರೇ ಈ ಮಾಲ್‌ಗಳು ನನ್ನವಲ್ಲ ಅಂದುಬಿಟ್ಟರು.

ಇನ್ನು ಎಸ್ಕಲೇಟರ್ ವಿಷಯ. ವಯಸ್ಸಾದವರು ಅದರ ಮುಂದೆ ಒಂದು ಕ್ಷಣ ತಡೆಯುತ್ತಾರೆ. ಮೆಟ್ಟಿಲು ಹುಟ್ಟಿ ಹುಟ್ಟಿ ಮುಂದೆ ಹೋಗುತ್ತಿರುತ್ತದೆ, ಯಾವುದರ ಮೇಲೆ ಕಾಲಿಡಬೇಕೋ ತೋಚುವುದಿಲ್ಲ. ಹಿಂದಿನವರು ಅವಸರ ಮಾಡುತ್ತಾರೆ. ಇವರು ಪಕ್ಕಕ್ಕೆ ಸರಿಯುತ್ತಾರೆ. ಅಷ್ಟರಲ್ಲಿ ಮಗಳು ಮೇಲೆ! ನಿಮಗೂ ಹೀಗೇ ಆಗಿರಬೇಕು. ಅಮ್ಮನ ಜೊತೆ ಲಿಫ್ಟ್‌ನಲ್ಲೇ ಹೋಗಿ.

ನಾನೂ ಒಮ್ಮೆ ಆರು ವರ್ಷದ ಅಕ್ಕನ ಮಗಳನ್ನು ಹೀಗೆ ಕಳೆದುಕೊಂಡಿದ್ದೆ. ಮಹಡಿಯಿಂದ ಮಹಡಿಗೆ ಓಡಿದೆ. ಅವಳೂ ನನ್ನನ್ನು ಹುಡುಕುತ್ತಾ ನಡೆಯುತ್ತಲೇ ಇದ್ದಳು. ಇಬ್ಬರೂ ಓಡಾಡುತ್ತಿದ್ದರೆ ಸಿಗುವುದು ಹೇಗೆ? ಕೊನೆಗೆ ಕಾವಲಿನವರು ನನ್ನನ್ನು ಒಂದು ಕಡೆ ನಿಲ್ಲಿಸಿ ವೈರ್‌ಲೆಸ್‌ನಲ್ಲಿ ಹೇಳಿದರು. ನೆಲ ಒರೆಸುವ ಹೆಂಗಸೊಬ್ಬರ ಕೈ ಹಿಡಿದು ಅವಳು ಬಂದಳು. ಅವಳ ಅಂಗೈ ಬೆವತು ತಣ್ಣಗಾಗಿತ್ತು. ಅದು ಇನ್ನೂ ನನಗೆ ಮರೆತಿಲ್ಲ.

ಹಾಗಾಗಿ ಒಳಗೆ ಹೋದ ಕೂಡಲೇ ಒಂದು ಜಾಗ ಗೊತ್ತು ಮಾಡಿಕೊಳ್ಳಿ. 'ಲಿಫ್ಟ್ ಹತ್ತಿರ' ಎಂದರೆ ಸಾಲದು, ಲಿಫ್ಟ್‌ಗಳು ಹತ್ತಾರು ಇರುತ್ತವೆ. ಮಾಹಿತಿ ಕೌಂಟರ್ ಒಳ್ಳೆಯದು. ಅದು ಯಾವ ಮಹಡಿಯಲ್ಲಿದೆ ಎಂದೂ ಅಮ್ಮನಿಗೆ ತೋರಿಸಿಡಿ. ತಪ್ಪಿಸಿಕೊಂಡರೆ ಅವರು ಅಲ್ಲಿಗೆ ಹೋಗಿ ನಿಂತುಬಿಡಲಿ, ಹುಡುಕುವ ಕೆಲಸ ನಿಮ್ಮದು. ಸೂರಿನಡಿ ಜಿಪಿಎಸ್ ಸರಿಯಾಗಿ ಸಿಗುವುದಿಲ್ಲ, ಫೋನಿನ ಮ್ಯಾಪ್ ನೆಚ್ಚಿಕೊಳ್ಳಬೇಡಿ. ನಿಮ್ಮ ನಂಬರನ್ನು ಚೀಟಿಯಲ್ಲಿ ಬರೆದು ಅವರ ಕೈಗೆ ಕೊಡಿ. ಹತ್ತಿರದ ತುರ್ತು ಬಾಗಿಲು ಎಲ್ಲಿದೆ ಎಂದೂ ನೋಡಿಕೊಳ್ಳಿ. ಗಾಬರಿಯಾದಾಗ ಜನ ತಾವು ಬಂದ ಬಾಗಿಲಿಗೇ ನುಗ್ಗುತ್ತಾರೆ.

ಅಮ್ಮ ಒಪ್ಪಿದರೆ ಖಂಡಿತ ಇನ್ನೊಮ್ಮೆ ಕರೆದುಕೊಂಡು ಹೋಗಿ. ರಜೆಯಿಲ್ಲದ ದಿನ, ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೆ. ಯಾವ ಅಂಗಡಿಗೂ ನುಗ್ಗಬೇಡಿ, ಮೊದಲು ಮೀನಿನ ತೊಟ್ಟಿ. ಅದರ ಮುಂದೆ ಅವರು ಎಷ್ಟು ಹೊತ್ತು ನಿಲ್ಲುತ್ತಾರೋ ನಿಲ್ಲಲಿ. ಬಂದ ಮೇಲೆ ಅವರು ಏನೇನು ನೋಡಿದರು ಎಂದು ನನಗೂ ಬರೆಯಿರಿ.

– ಸಂಪಾದಕ