ಬಾಂಬ್ ಸ್ಫೋಟ ನಡೆದ ನಗರವನ್ನು ಸೈನ್ಯಕ್ಕೇ ಒಪ್ಪಿಸಿದರೆ ಏನು ತಪ್ಪು, ಪಂಜಾಬಿನಲ್ಲಿ ಸೈನ್ಯ ಸಾಧಿಸಲಿಲ್ಲವೇ ಎಂದು ಕೇಳಿ ನೀವು ಬರೆದಿದ್ದೀರಿ.

ಇದೇ ಮಾತನ್ನು 2006ರ ಜುಲೈ 11ರ ರಾತ್ರಿ ನಾನು ನಮ್ಮ ಕಟ್ಟಡದ ಟೆರೇಸಿನಲ್ಲಿ ನಿಂತು ಕೂಗಿ ಹೇಳಿದ್ದೆ. ಅಂದು ಸಂಜೆ ಮುಂಬೈಯ ಪಶ್ಚಿಮ ಮಾರ್ಗದ 7 ಲೋಕಲ್ ಗಾಡಿಗಳ ಫಸ್ಟ್ ಕ್ಲಾಸ್ ಡಬ್ಬಿಗಳಲ್ಲಿ ಸುಮಾರು 11 ನಿಮಿಷಗಳೊಳಗೆ ಬಾಂಬುಗಳು ಸಿಡಿದು 180ಕ್ಕೂ ಹೆಚ್ಚು ಜನ ಸತ್ತಿದ್ದರು. ನಾನು ಚರ್ಚ್‌ಗೇಟಿನಿಂದ ಅರ್ಧ ಗಂಟೆ ಮೊದಲು ಹೊರಟಿದ್ದೆ.

ಆಗ ನಾನು ನಮ್ಮ ಕಟ್ಟಡದ ನಿವಾಸಿಗಳ ಸೊಸೈಟಿಯ ಸೆಕ್ರೆಟರಿ. ಮೇಲಿನ ಮಹಡಿಯಲ್ಲಿ ಬಿಜಾಪುರದ ಕಡೆಯ ಒಬ್ಬ ಮುಸ್ಲಿಂ ಹುಡುಗ ಬಾಡಿಗೆಗಿದ್ದ. ಹಿಂದಿನ ಗಲ್ಲಿಯಲ್ಲಿ ಮೊಬೈಲ್ ರಿಪೇರಿ ಮಾಡುತ್ತಿದ್ದ, ಕನ್ನಡ ಮಾತನಾಡಲು ಸಿಕ್ಕವನೆಂದು ನನ್ನನ್ನು 'ಅಣ್ಣಾರ' ಎಂದು ಕರೆಯುತ್ತಿದ್ದ. ಅವನ ಮನೆಗೆ ರಾತ್ರಿ ಅಪರಿಚಿತರು ಬರುತ್ತಾರೆಂದು ವಾಚ್‌ಮನ್ ಹೇಳಿದ. ವಾಚ್‌ಮನ್ನನೂ ಕಂಡದ್ದಲ್ಲ, ಹಾಲಿನವನಿಂದ ಕೇಳಿದ್ದು. ಅದು ನನಗೆ ಗೊತ್ತಿತ್ತು. ಠಾಣೆಗೆ ಕೊಡುವ ಪತ್ರದ ಕರಡಿನಲ್ಲಿ ಮೊದಲು 'ಬರುತ್ತಾರೆಂದು ಕೇಳಿದ್ದೇನೆ' ಎಂದೇ ಬರೆದಿದ್ದೆ. ಆದರೆ ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಕಾಗದಪತ್ರ ಬರೆದವನು ನಾನು. ಸಡಿಲವಾದ ಪತ್ರ ಮೂಲೆ ಸೇರುತ್ತದೆಂಬ ಅನುಭವದಿಂದ 'ಕೇಳಿದ್ದೇನೆ' ಎಂಬುದನ್ನು ಹೊಡೆದು 'ಸ್ವತಃ ಕಂಡಿದ್ದೇನೆ' ಎಂದು ತಿದ್ದಿ, ಸೊಸೈಟಿಯ ಮೊಹರು ಒತ್ತಿದೆ. ದ್ವೇಷವಿರಲಿಲ್ಲ, ಪತ್ರ ಗಟ್ಟಿಯಾಗಿರಲಿ ಎಂಬ ಗುಮಾಸ್ತಗಿರಿಯ ಚಟವಷ್ಟೇ. ಹುಡುಗನನ್ನು ಕರೆದೊಯ್ದರು, ಆರು ದಿನಗಳ ನಂತರ ಯಾವ ಆರೋಪವೂ ಇಲ್ಲದೆ ಬಿಟ್ಟರು. ಮೆಟ್ಟಿಲ ಮೇಲೆ ಎದುರಾದಾಗ ಅವನು ಕೇಳಿದ್ದು ಒಂದೇ: "ಅಣ್ಣಾರ, ಯಾವ ರಾತ್ರಿ ನೋಡಿದ್ರಿ ನೀವು?" ಆ ತಿಂಗಳ ಕೊನೆಗೆ ಮನೆ ಖಾಲಿ ಮಾಡಿದ.

ಎರಡು ವರ್ಷಗಳ ನಂತರ, ಬೇರೆಯವರ ದಾಖಲೆ ಕೊಟ್ಟು ಸಿಮ್ ಕಾರ್ಡ್ ಪಡೆಯುತ್ತಿದ್ದವನೊಬ್ಬನನ್ನು ಹುಡುಕಿಕೊಂಡು ಕಾನ್‌ಸ್ಟೇಬಲ್ ಒಬ್ಬರು ಅದೇ ಗಲ್ಲಿಗೆ ಬಂದರು. ಜೊತೆಗೆ ನಾನೂ ಹೋಗಿದ್ದೆ. ಯಾರೂ ಬಾಯಿ ಬಿಡಲಿಲ್ಲ. ಒಬ್ಬ ಅಂಗಡಿಯವನಂತೂ ನನ್ನ ಮುಖ ನೋಡಿದವನೇ ಶಟರ್ ಎಳೆದ.

ಆದ್ದರಿಂದ ನಿಮ್ಮ ಪ್ರಶ್ನೆಯೇ ತಪ್ಪು ಜಾಗದಿಂದ ಹೊರಟಿದೆ ಎನ್ನುತ್ತೇನೆ. ಬಂದೂಕುಧಾರಿಗಳು ಕಟ್ಟಡ ಹಿಡಿದು ಕೂತಾಗ ಕಮಾಂಡೊಗಳು ಬೇಕು. 2008ರ ನವೆಂಬರ್‌ನಲ್ಲಿ ಮುಂಬೈಯ ತಾಜ್ ಹೋಟೆಲ್ ಮತ್ತು ನಾರಿಮನ್ ಹೌಸ್‌ಗಳಲ್ಲಿ ಕೇಂದ್ರದ ಕಮಾಂಡೊ ಪಡೆಯಾದ ಎನ್ಎಸ್‌ಜಿ ಮಾಡಿದ ಕೆಲಸವನ್ನು ಬೇರೆ ಯಾರಿಂದಲೂ ಮಾಡಲಾಗುತ್ತಿರಲಿಲ್ಲ, ಆ ದಾಳಿ ಗಡಿಯಾಚೆಯಿಂದ ಬಂದದ್ದು ಬೇರೆ ಮಾತು. ಆದರೆ ನಮ್ಮ ನಡುವೆಯೇ ಬಾಡಿಗೆಗಿದ್ದು, ಡಬ್ಬಿಯಲ್ಲಿ ಚೀಲ ಇಟ್ಟು ಇಳಿದುಹೋದವನ ವಿಳಾಸವನ್ನು ಟ್ಯಾಂಕು ಪತ್ತೆಮಾಡುವುದಿಲ್ಲ, ಆ ಗಲ್ಲಿಯವರು ಹೇಳಬೇಕು.

ಪಂಜಾಬಿನಲ್ಲಿ ಸೈನ್ಯ ಸಾಧಿಸಿತಲ್ಲ ಎಂದು ಬರೆದಿದ್ದೀರಿ. 1984ರ ಜೂನ್‌ನಲ್ಲಿ ಉಗ್ರರು ಸೇರಿಕೊಂಡಿದ್ದ ಸ್ವರ್ಣಮಂದಿರಕ್ಕೆ ಟ್ಯಾಂಕು ನುಗ್ಗಿತು, ಅದರೊಳಗಿನ ಸಿಖ್ಖರ ಪರಮೋಚ್ಚ ಪೀಠ ಅಕಾಲ್ ತಖ್ತ್ ಜಖಂಗೊಂಡಿತು, ಅಕ್ಟೋಬರ್ 31ರಂದು ಪ್ರಧಾನಿ ಇಂದಿರಾ ಗಾಂಧಿಯವರ ಹತ್ಯೆಯಾಯಿತು, ಉಗ್ರವಾದ ಮತ್ತೂ ಹಲವು ವರ್ಷ ಉರಿಯಿತು. ಅದೇ ಮಂದಿರವನ್ನು 1988ರ ಮೇ ತಿಂಗಳಲ್ಲಿ ಪೊಲೀಸರು ಮತ್ತು ಎನ್ಎಸ್‌ಜಿ ಸುತ್ತುವರಿದು, ನೀರು, ವಿದ್ಯುತ್ ನಿಲ್ಲಿಸಿ, ಪತ್ರಕರ್ತರ ಕಣ್ಣೆದುರೇ ಕಾದರು. ಒಳಗಿದ್ದ ಉಗ್ರರಲ್ಲಿ ಹೆಚ್ಚಿನವರು ಕೈ ಮೇಲೆತ್ತಿಕೊಂಡು ಹೊರಬಂದರು. ನಿಮ್ಮ ಉದಾಹರಣೆಗೆ ಇದಕ್ಕಿಂತ ಬೇರೆ ಉತ್ತರ ಬೇಡ.

ಕಠಿಣ ಕಾಯ್ದೆ ಸಾಕೆನ್ನುವವರಿಗೂ ಒಂದು ಮಾತು. ರೈಲು ಸ್ಫೋಟದ ಪ್ರಕರಣ ಮೋಕಾ ಎಂಬ ಮಹಾರಾಷ್ಟ್ರದ ಸಂಘಟಿತ ಅಪರಾಧ ತಡೆ ಕಾಯ್ದೆಯ ಅಡಿಯಲ್ಲೇ ನಡೆದು, 2015ರಲ್ಲಿ 12 ಜನರಿಗೆ ಶಿಕ್ಷೆಯಾಯಿತು, ಐವರಿಗೆ ಗಲ್ಲು. 2025ರ ಜುಲೈನಲ್ಲಿ ಬಾಂಬೆ ಹೈಕೋರ್ಟ್ ಎಲ್ಲರನ್ನೂ ಖುಲಾಸೆಗೊಳಿಸಿತು, ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಸತ್ತವರ ಮನೆಯವರಿಗೆ ಹತ್ತೊಂಬತ್ತು ವರ್ಷಗಳ ನಂತರವೂ ಉತ್ತರ ಸಿಕ್ಕಿಲ್ಲ.

ನಿಮ್ಮ ಸೊಸೈಟಿಯವರೂ ಇಂಥ ಪತ್ರ ಬರೆಯಿರಿ ಎಂದರೆ, ಕೇಳಿದ್ದನ್ನು ಕೇಳಿದ್ದೆಂದೇ ಬರೆಯಿರಿ, ಯಾರಿಂದ ಕೇಳಿದಿರೆಂಬುದನ್ನೂ ಸೇರಿಸಿ. ಠಾಣೆಯವರು ಅದನ್ನು ಮೂಲೆಗೆ ಹಾಕಿದರೆ ಹಾಕಲಿ.